ಅಪಘಾತಕ್ಕೆ ಮುನ್ನವೇ ಬರೆದಿಡಬೇಕಾದ ಲೆಕ್ಕ

2009ರ ನವೆಂಬರ್ ಕೊನೆಯ ವಾರದಲ್ಲಿ ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಿಂದ ಬಂದ ಸುದ್ದಿಯೊಂದು ರಾಜ್ಯವನ್ನು ಕೆಲವು ದಿನಗಳ ಕಾಲ ಕಳವಳಕ್ಕೀಡು ಮಾಡಿತ್ತು. ನಿರ್ವಹಣೆಗಾಗಿ ನಿಲ್ಲಿಸಲಾಗಿದ್ದ ಒಂದನೆಯ ಘಟಕದಲ್ಲಿ, ನೌಕರರು ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರೀಷಿಯಂ ಬೆರೆತ ಭಾರಜಲವನ್ನು ಸೇರಿಸಿದ್ದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹಕ್ಕೆ ಅದು ಹೋಗಿತ್ತು. ಅಂದಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರು ಇದನ್ನು ದುರುದ್ದೇಶದ ಕೃತ್ಯವೆಂದು ಕರೆದರು. ವಿದೇಶ ಪ್ರವಾಸದಲ್ಲಿದ್ದ ಪ್ರಧಾನಿ ಮನಮೋಹನ್ ಸಿಂಗ್ ಅವರು ಆತಂಕಪಡಬೇಕಾದುದೇನೂ ಇಲ್ಲವೆಂದರು. ಹತ್ತು ಹದಿನೈದು ದಿನಗಳಲ್ಲಿ ಪತ್ರಿಕೆಗಳೂ ವಿಷಯವನ್ನು ಬಿಟ್ಟವು.

ಸ್ಥಾವರದ ಯಂತ್ರಗಳು ಕೆಟ್ಟು ನಡೆದ ಅವಘಡ ಇದಲ್ಲ, ನಿಜ. ಆದರೂ ಅಣು ಅಪಘಾತದ ಅನಂತರ ಯಾರಿಗೆ ಎಷ್ಟು ವಿಕಿರಣ ತಗುಲಿತು, ಅದರಿಂದ ಏನಾದೀತು ಎಂಬುದನ್ನು ಅಳೆಯುವ ಬಗೆಯನ್ನು ಅರಿಯಲು ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. ಗಮನಿಸಬೇಕಾದ ಅಂಶವೆಂದರೆ, ಕೂಲರಿನ ನೀರು ಕೆಟ್ಟಿದೆ ಎಂದು ಮೊದಲು ತಿಳಿಸಿದ್ದು ನೀರಿನ ಪರೀಕ್ಷೆಯಲ್ಲ, ನೌಕರರ ಮೂತ್ರ. ಭಾರಜಲ ಬಳಸುವ ಸ್ಥಾವರಗಳಲ್ಲಿ ಕೆಲಸ ಮಾಡುವವರು ನಿಯತವಾಗಿ ಮೂತ್ರದ ಮಾದರಿ ಕೊಡಬೇಕು. ಟ್ರೀಷಿಯಂ ಎಂಬುದು ಜಲಜನಕದ ವಿಕಿರಣಶೀಲ ರೂಪ. ನೀರಿನಂತೆಯೇ ದೇಹವಿಡೀ ಹರಡಿ, ನೀರಿನಂತೆಯೇ ಹೊರಹೋಗುತ್ತದೆ. ಸುಮಾರು ಹತ್ತು ದಿನಗಳಿಗೊಮ್ಮೆ ದೇಹದಲ್ಲಿರುವುದರ ಅರ್ಧದಷ್ಟು ಕಡಿಮೆಯಾಗುತ್ತದೆ. ಹೆಚ್ಚು ನೀರು ಕುಡಿದರೆ ಇನ್ನೂ ಬೇಗ. ಆದ್ದರಿಂದ ಮೂತ್ರದಲ್ಲಿ ಕಂಡ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ರತಿಯೊಬ್ಬ ನೌಕರನ ಪಾಲಿಗೆ ಬಂದ ವಿಕಿರಣ ಎಷ್ಟೆಂದು ಕೆಲವೇ ದಿನಗಳಲ್ಲಿ ಹೇಳಲು ಸಾಧ್ಯವಾಯಿತು. ವರ್ಷಕ್ಕೆ 30 ಮಿಲಿಸೀವರ್ಟ್ ಎಂಬ ನೌಕರರ ಮಿತಿಯನ್ನು ದಾಟಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಎಂದು ಅಧಿಕಾರಿಗಳು ಧೈರ್ಯವಾಗಿ ಹೇಳಿದ್ದು ಈ ಲೆಕ್ಕದ ಬಲದಿಂದ. ಹಿಂದಿನ ವಾರ ಆ ನೌಕರನ ಮೂತ್ರದಲ್ಲಿ ಎಷ್ಟಿತ್ತು ಎಂಬುದು ಪುಸ್ತಕದಲ್ಲಿ ಬರೆದಿತ್ತು. ಈ ವಾರದ್ದನ್ನು ಅದರೊಡನೆ ಹೋಲಿಸಿದರು. ನಡೆದದ್ದು ಇಷ್ಟೇ.

ಅದೇ ಸ್ಥಾವರದ ಬೇಲಿಯಾಚೆ, ಕಾಳಿ ನದಿಯ ದಂಡೆಯಲ್ಲೋ ಕದ್ರಾದಲ್ಲೋ ಇರುವ ಒಬ್ಬ ರೈತನ ವಿಷಯದಲ್ಲಿ ಇಂಥ ಪುಸ್ತಕವಿಲ್ಲ. ಸ್ಥಾವರದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸುತ್ತಲಿನ ಗಾಳಿ, ನೀರು, ಹಾಲು, ಮೀನು, ಅಕ್ಕಿಗಳನ್ನು ಪರೀಕ್ಷಿಸುತ್ತದೆ, ಅದು ಸ್ವಾಗತಾರ್ಹವೇ. ಆದರೆ ಮನುಷ್ಯರ ಲೆಕ್ಕ ಬೇರೆ.

ನಾನು ಇದನ್ನು ಬರೆಯುತ್ತಿರುವುದು ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಿಂದ. ಕೈಗಾದಿಂದ ನೇರ ಪೂರ್ವಕ್ಕೆ ಹೆಚ್ಚುಕಡಿಮೆ ಇನ್ನೂರೈವತ್ತು ಕಿಲೋಮೀಟರ್ ದೂರದ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಊರು. ಅಷ್ಟು ದೂರದ ನಿಮಗೇಕೆ ಈ ಚಿಂತೆ ಎಂದು ಯಾರಾದರೂ ಕೇಳಬಹುದು. 1986ರ ಏಪ್ರಿಲ್ 26ರಂದು ಉಕ್ರೇನಿನ ಚೆರ್ನೊಬಿಲ್‌ನಲ್ಲಿ ಸ್ಥಾವರ ಸಿಡಿದಾಗ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಬ್ರಿಟನ್ನಿನ ವೇಲ್ಸ್ ಗುಡ್ಡಗಳಲ್ಲಿ ಮಳೆಯೊಂದಿಗೆ ಸೀಸಿಯಂ ಬಿತ್ತು. ಹುಲ್ಲಿನ ಮೂಲಕ ಕುರಿಗಳಿಗೆ ಸೇರಿತು. ಆ ಗುಡ್ಡಗಳ ಕುರಿಗಳ ಮಾರಾಟದ ಮೇಲೆ ಹೇರಿದ್ದ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ, ಇಪ್ಪತ್ತಾರು ವರ್ಷಗಳ ಮೇಲೆ. ಕುರಿಯನ್ನೇ ನಂಬಿದ ನಮ್ಮ ತಾಲ್ಲೂಕುಗಳ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗಾದಂಥ 220 ಮೆಗಾವಾಟ್ ಘಟಕಗಳು ಚೆರ್ನೊಬಿಲ್ ಮಾದರಿಯವಲ್ಲ, ಅಲ್ಲಿ ಇಲ್ಲದಿದ್ದ ಗಟ್ಟಿ ಕಾಂಕ್ರೀಟ್ ಹೊದಿಕೆ ಇಲ್ಲಿದೆ ಎಂಬುದನ್ನೂ ಹೇಳಬೇಕು. (ಆ ಹೊದಿಕೆಯ ಗುಮ್ಮಟದ ಒಳಪದರವೇ ನಿರ್ಮಾಣದ ವೇಳೆ, 1994ರ ಮೇ 13ರಂದು, ಕಳಚಿ ಬಿದ್ದಿತ್ತು ಎಂಬುದನ್ನು ಉತ್ತರ ಕನ್ನಡದವರು ಮರೆತಿಲ್ಲ.) ಅದಲ್ಲದೆ ನಮ್ಮ ಬಳಿಯೇ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ, ಅಣು ಇಲಾಖೆಯ ಬೇಲಿಯೊಂದು ಎದ್ದಿದೆ. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಮೊದಲು ಮಾನದಂಡದ ಮಾತು. ವಿಕಿರಣ ಮನುಷ್ಯನ ದೇಹದ ಮೇಲೆ ಮಾಡುವ ಪರಿಣಾಮವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ನೆಲ, ಬಂಡೆ, ಆಕಾಶ, ಆಹಾರಗಳಿಂದ ಪ್ರತಿಯೊಬ್ಬನಿಗೂ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಕೇರಳದ ಕರುನಾಗಪಳ್ಳಿಯ ಕರಾವಳಿ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಇದರ ಹಲವು ಪಟ್ಟು ಬರುವ ಮನೆಗಳಿವೆ. ಅಲ್ಲಿನ ಸುಮಾರು ಎಪ್ಪತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಳ ಕಂಡುಬರಲಿಲ್ಲ. ಸ್ಥಾವರದಿಂದ ಸಾರ್ವಜನಿಕರಿಗೆ ಬರಬಹುದಾದ ಹೆಚ್ಚುವರಿ ವಿಕಿರಣದ ಮಿತಿ ವರ್ಷಕ್ಕೆ ಒಂದು ಮಿಲಿಸೀವರ್ಟ್. ಇನ್ನೊಂದು ತುದಿಯಲ್ಲಿ, ಸಾವಿರಾರು ಮಿಲಿಸೀವರ್ಟ್ ಒಮ್ಮೆಲೇ ತಗುಲಿದರೆ ಮನುಷ್ಯ ಕೆಲವೇ ವಾರಗಳಲ್ಲಿ ಸಾಯುತ್ತಾನೆ. ಚೆರ್ನೊಬಿಲ್‌ನಲ್ಲಿ 134 ಮಂದಿ ಸ್ಥಾವರದ ನೌಕರರಿಗೂ ಬೆಂಕಿ ಆರಿಸಲು ಬಂದವರಿಗೂ ಇಂಥ ತೀವ್ರ ವಿಕಿರಣ ರೋಗ ತಗುಲಿತ್ತು. ಆ ವರ್ಷವೇ 28 ಮಂದಿ ಸತ್ತರು. ಇವರ ಲೆಕ್ಕದಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದೆಲ್ಲ ಈ ಎರಡು ತುದಿಗಳ ನಡುವೆ, ಅಂದರೆ ಕೆಲವು ಹತ್ತು ಮಿಲಿಸೀವರ್ಟ್ ತಗುಲಿದ ಲಕ್ಷಾಂತರ ಜನರ ವಿಷಯದಲ್ಲಿ.

ಇವರಿಗೆ ಎಷ್ಟು ತಗುಲಿತು ಎಂಬುದನ್ನು ತಿಳಿಯುವುದು ಹೇಗೆ? ಕೆಲವು ವಸ್ತುಗಳು ಬೇಗ ಮಾಯವಾಗುತ್ತವೆ. ಸ್ಥಾವರದಿಂದ ಮೊದಲು ಹೊರಬರುವ ಅಪಾಯಕಾರಿ ವಸ್ತುಗಳಲ್ಲಿ ಅಯೋಡಿನ್-131 ಮುಖ್ಯವಾದುದು. ಎಂಟು ದಿನಕ್ಕೊಮ್ಮೆ ಅದರ ಪ್ರಮಾಣ ಅರ್ಧವಾಗುತ್ತದೆ. ಹುಲ್ಲಿನ ಮೇಲೆ ಬಿದ್ದು, ಹಸು ಮೇಯ್ದು, ಎರಡು ಮೂರು ದಿನಗಳಲ್ಲಿ ಹಾಲಿಗೆ ಬಂದು, ಮಕ್ಕಳ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಆಡು ಕುರಿಗಳ ಹಾಲಿಗಂತೂ ಹಸುವಿನ ಹಾಲಿಗಿಂತ ಹೆಚ್ಚು ಇಳಿಯುತ್ತದೆ. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಬೆಂಕಿ ಬಿದ್ದಾಗ ಅಲ್ಲಿನ ಸರ್ಕಾರ ಸುಮಾರು ಐನೂರು ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿಸಿತು. ಮೂವತ್ತು ವರ್ಷಗಳ ಅನಂತರ ಸೋವಿಯತ್ ಸರ್ಕಾರ ಅದನ್ನು ಹೊತ್ತಿಗೆ ಸರಿಯಾಗಿ ಮಾಡಲಿಲ್ಲ. ಹಳ್ಳಿಗಳ ಮಕ್ಕಳು ಮನೆಯ ಹಸುವಿನ ಹಾಲು ಕುಡಿಯುತ್ತಲೇ ಇದ್ದರು. ಅಂದು ಹದಿನೆಂಟರೊಳಗಿನವರಾಗಿದ್ದವರಲ್ಲಿ 2005ರ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ಪತ್ತೆಯಾದವು. ಚಿಕಿತ್ಸೆಯಿಂದ ಬಹುತೇಕ ಎಲ್ಲರೂ ಬದುಕಿದರು ಎಂಬುದೇ ಸಮಾಧಾನ.

ಹೀಗಿದ್ದರೂ ಸೋವಿಯತ್ ಆಡಳಿತ ಒಂದು ಕೆಲಸವನ್ನು ಮಾಡಿತ್ತು. ಮೊದಲ ಕೆಲವು ವಾರಗಳಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಜನರ ಗಂಟಲಿಗೆ ಉಪಕರಣ ಹಿಡಿದು ಅಳತೆ ಬರೆದುಕೊಂಡಿತ್ತು. ಯಾವ ಮಗುವಿಗೆ ಎಷ್ಟು ತಗುಲಿತು, ಯಾರಿಗೆ ಮುಂದೆ ರೋಗ ಬಂದಿತು ಎಂಬುದನ್ನು ಜೋಡಿಸಿ ನೋಡಲು ಆ ಅಳತೆಗಳೇ ಆಧಾರವಾದವು. ಶ್ರೀಮಂತ, ಶಿಸ್ತಿನ ಜಪಾನಿನಲ್ಲಿ 2011ರ ಮಾರ್ಚ್ 11ರ ಫುಕುಶಿಮಾ ಅಪಘಾತದ ಅನಂತರ ಹೀಗೆ ಅಳೆದದ್ದು ಮೂರು ಊರುಗಳ 1,080 ಮಕ್ಕಳನ್ನು ಮಾತ್ರ. ಭೂಕಂಪ, ಸುನಾಮಿ, ವಿದ್ಯುತ್ತಿಲ್ಲದ ಊರುಗಳು, ಕಾರಣಗಳು ಅರ್ಥವಾಗುವಂಥವೇ. ಆದರೆ ಅಯೋಡಿನ್ ಯಾವ ಕಾರಣಕ್ಕೂ ಕಾಯುವುದಿಲ್ಲ. ಎರಡು ತಿಂಗಳು ಕಳೆದರೆ ಅಳೆಯಲು ಏನೂ ಉಳಿದಿರುವುದಿಲ್ಲ.

ಆಮೇಲೆ ಉಳಿಯುವುದು ಕೇಳಿ ತಿಳಿಯುವ ದಾರಿ. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರನ್ನು 1950ರಿಂದ ಹಿಂಬಾಲಿಸಿದ ಅಧ್ಯಯನದಲ್ಲೂ ಇದೇ ದಾರಿ ಹಿಡಿದರು. ಬಾಂಬ್ ಬಿದ್ದ ಗಳಿಗೆಯಲ್ಲಿ ಎಲ್ಲಿದ್ದಿರಿ, ಮನೆಯೊಳಗೋ ಹೊರಗೋ, ಯಾವ ಕಡೆಗೆ ಮುಖ ಮಾಡಿದ್ದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರು. ಇಂದು ಜಗತ್ತಿನಲ್ಲಿ ವಿಕಿರಣದ ಮಿತಿಗಳೆಲ್ಲ ಬಹುಮಟ್ಟಿಗೆ ನಿಂತಿರುವುದು ಆ ಉತ್ತರಗಳ ಮೇಲೆ. ಫುಕುಶಿಮಾ ಪ್ರಾಂತದಲ್ಲಿ ಎಲ್ಲ ನಿವಾಸಿಗಳಿಗೂ ಪ್ರಶ್ನಾವಳಿ ಕಳುಹಿಸಿ, ಅಪಘಾತದ ಅನಂತರದ ನಾಲ್ಕು ತಿಂಗಳು ದಿನದಿನವೂ ಎಲ್ಲಿದ್ದಿರಿ ಎಂದು ಕೇಳಿದರು. ಉತ್ತರಿಸಿದವರು ನೂರಕ್ಕೆ ಸುಮಾರು 27 ಮಂದಿ. ಲೆಕ್ಕ ಸಿಕ್ಕವರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿಗೆ ಹೊರಗಿನಿಂದ ತಗುಲಿದ್ದು 5 ಮಿಲಿಸೀವರ್ಟಿಗಿಂತ ಕಡಿಮೆ. ಒಳ್ಳೆಯ ಸುದ್ದಿಯೇ, ಆದರೆ ಉತ್ತರಿಸದೆ ಉಳಿದ 73 ಮಂದಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಅಂಥದೊಂದು ಪ್ರಶ್ನಾವಳಿ ನಮ್ಮ ಹಳ್ಳಿಗಳಿಗೆ ಬಂದರೆ? ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕಿನ ಅರ್ಧ ಮನೆಗಳಿಗೆ ಬೀಗ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವರು, ಮಲೆನಾಡಿನ ಕಾಫಿ ತೋಟಗಳಿಗೆ ಹೋದವರು, ಕುರಿ ಹೊಡೆದುಕೊಂಡು ಹೋದ ಗೊಲ್ಲರು. ಕುರಿಯ ಹಿಂದೆ ನಾಲ್ಕು ತಿಂಗಳು ಅಲೆದವನು ಯಾವ ದಿನ ಯಾವ ಊರ ಗಡಿಯಲ್ಲಿ ಮಂದೆ ಹಾಕಿದ್ದೆನೆಂಬುದನ್ನು ನಮ್ಮ ಅಧಿಕಾರಿಗಳಿಗಿಂತ ಚೆನ್ನಾಗಿಯೇ ನೆನಪಿಟ್ಟಿರುತ್ತಾನೆ, ಆದರೆ ಅವನನ್ನು ಹುಡುಕಿ ಕೇಳುವವರು ಯಾರು? ನಮ್ಮಲ್ಲಿ ಇದಕ್ಕೆ ಒದಗಿಬರಬಹುದಾದ ದಾಖಲೆಯೊಂದು ಇರುವುದು ಸರ್ಕಾರಿ ಕಚೇರಿಯಲ್ಲಲ್ಲ, ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ. ಯಾರ ಮನೆಯಿಂದ ಯಾವ ಹೊತ್ತಿಗೆ ಎಷ್ಟು ಲೀಟರ್ ಹಾಲು ಬಂತು ಎಂಬುದು ಅಲ್ಲಿ ದಿನಕ್ಕೆರಡು ಬಾರಿ ದಾಖಲಾಗುತ್ತದೆ. ಹಾಲನ್ನು ಪರೀಕ್ಷಿಸಲು, ಅಗತ್ಯವಾದರೆ ತಡೆಯಲು, ಯಾವ ಊರಿನ ಹುಲ್ಲಿಗೆ ಏನಾಗಿದೆ ಎಂದು ಎರಡೇ ದಿನಗಳಲ್ಲಿ ತಿಳಿಯಲು ಇದಕ್ಕಿಂತ ಉತ್ತಮ ವ್ಯವಸ್ಥೆ ಯಾವ ಮುಂದುವರಿದ ದೇಶದಲ್ಲೂ ಇರಲಾರದು. ಕೈಗಾ ಸುತ್ತಲಿನ ತುರ್ತು ಯೋಜನೆಯಲ್ಲಿ ಜಿಲ್ಲಾಧಿಕಾರಿಯೇ ಮುಖ್ಯಸ್ಥರು; ಅವರ ಅಣಕು ಕಾರ್ಯಾಚರಣೆಗಳಲ್ಲಿ ಬಸ್ಸುಗಳೂ ಪೊಲೀಸರೂ ಕಾಣುವಷ್ಟು ಹಾಲು ಸಂಘದ ಕಾರ್ಯದರ್ಶಿಯೂ ಕಾಣಬೇಕು.

ಇನ್ನು ಪರಿಣಾಮದ ಮಾತು. ಇಲ್ಲಿ ನಾನು ಓದಿದ ಅರ್ಥಶಾಸ್ತ್ರದ ಅಲ್ಪಸ್ವಲ್ಪ ಗಣಿತ ಉಪಯೋಗಕ್ಕೆ ಬರುತ್ತದೆ. ಒಂದು ಲಕ್ಷ ಜನಸಂಖ್ಯೆಯ ಪ್ರದೇಶವನ್ನು ಊಹಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಂಭವವಿದೆ. ಎಂದರೆ ಯಾವ ಅಪಘಾತ ನಡೆಯದಿದ್ದರೂ ಈ ಲಕ್ಷ ಜನರಲ್ಲಿ ಸುಮಾರು ಹನ್ನೊಂದು ಸಾವಿರ ಮಂದಿಗೆ ಅದು ಬರುತ್ತದೆ. ಈಗ ಅಪಘಾತವೊಂದರಿಂದ ಪ್ರತಿಯೊಬ್ಬರಿಗೂ 10 ಮಿಲಿಸೀವರ್ಟ್ ತಗುಲಿತೆನ್ನಿ. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಬಳಸುವ ದರದಲ್ಲಿ, ಅಂದರೆ ಸಾವಿರ ಮಿಲಿಸೀವರ್ಟಿಗೆ ನೂರಕ್ಕೆ ಸುಮಾರು ಐದರಂತೆ ಲೆಕ್ಕ ಹಾಕಿದರೆ, ಹೆಚ್ಚುವರಿಯಾಗಿ ಬರುವ ಕ್ಯಾನ್ಸರ್ ಸುಮಾರು ಐವತ್ತು. ಹನ್ನೊಂದು ಸಾವಿರದ ಸಂಖ್ಯೆ ಆಕಸ್ಮಿಕವಾಗಿಯೇ ನೂರು ಮೇಲೆ, ನೂರು ಕೆಳಗೆ ಏರಿಳಿಯುತ್ತದೆ. ಆ ಏರಿಳಿತದಲ್ಲಿ ಐವತ್ತು ಮುಳುಗಿಹೋಗುತ್ತದೆ. ಎಂಥ ಪ್ರಾಮಾಣಿಕ ವಿಜ್ಞಾನಿಯೂ ಅದನ್ನು ಹೆಕ್ಕಿ ತೋರಿಸಲಾರ.

ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ವರದಿಗಳಲ್ಲಿ ‘ಗುರುತಿಸಬಹುದಾದ ಹೆಚ್ಚಳ ನಿರೀಕ್ಷಿತವಲ್ಲ’ ಎಂಬ ಅರ್ಥದ ಮಾತು ಬರುತ್ತದೆ. ಈ ಮಾತಿನ ಒಳಗಿರುವುದು ಇದೇ ಗಣಿತ. ಅದು ಪತ್ರಿಕಾಗೋಷ್ಠಿಯನ್ನು ತಲುಪುವ ಹೊತ್ತಿಗೆ ‘ಯಾವ ಪರಿಣಾಮವೂ ಇಲ್ಲ’ ಎಂದಾಗಿರುತ್ತದೆ. ಇತ್ತ ವಿರೋಧಿಗಳ ಸಭೆಯಲ್ಲಿ, ಆ ಪ್ರದೇಶದ ಹನ್ನೊಂದು ಸಾವಿರ ರೋಗಿಗಳಲ್ಲಿ ಪ್ರತಿಯೊಬ್ಬರೂ ಸ್ಥಾವರದ ಬಲಿಪಶುವಾಗಿರುತ್ತಾರೆ. ಎರಡೂ ಸುಳ್ಳು. ಚೆರ್ನೊಬಿಲ್ ವಿಷಯದಲ್ಲಿ 2005ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಅತಿ ಹೆಚ್ಚು ವಿಕಿರಣಕ್ಕೆ ಒಳಗಾದ ಸುಮಾರು ಆರು ಲಕ್ಷ ಜನರಲ್ಲಿ ಅಂತಿಮವಾಗಿ ನಾಲ್ಕು ಸಾವಿರದವರೆಗೆ ಸಾವು ಸಂಭವಿಸಬಹುದೆಂದು ಅಂದಾಜಿಸಿದವು. ಮರುವರ್ಷ ಗ್ರೀನ್‌ಪೀಸ್ ಸಂಸ್ಥೆ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಅಂಕಿಯನ್ನು ಮುಂದಿಟ್ಟಿತು. ಎಷ್ಟು ಜನರನ್ನು ಲೆಕ್ಕಕ್ಕೆ ತೆಗೆದುಕೊಂಡರು, ಅತ್ಯಲ್ಪ ಪ್ರಮಾಣಕ್ಕೂ ಅದೇ ದರವನ್ನು ಅನ್ವಯಿಸಿದರೋ ಇಲ್ಲವೋ ಎಂಬುದರಲ್ಲಿ ಇಂಥ ವ್ಯತ್ಯಾಸದ ಬಹುಪಾಲು ಅಡಗಿದೆ. ಥೈರಾಯ್ಡ್ ಕ್ಯಾನ್ಸರ್ ಮಾತ್ರ ಎಲ್ಲರ ಕಣ್ಣಿಗೂ ಸ್ಪಷ್ಟವಾಗಿ ಕಂಡಿತು, ಏಕೆಂದರೆ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಬರುವುದೇ ಇಲ್ಲ. ಅಪರೂಪದ ರೋಗ ಹೆಚ್ಚಿದರೆ ತಿಳಿಯುತ್ತದೆ, ಎಲ್ಲರಿಗೂ ಬರುವ ರೋಗ ಸ್ವಲ್ಪ ಹೆಚ್ಚಿದರೆ ತಿಳಿಯುವುದಿಲ್ಲ.

ಹುಡುಕುವ ಕಣ್ಣು ಚುರುಕಾದಷ್ಟೂ ರೋಗವೂ ಹೆಚ್ಚು ಕಾಣುತ್ತದೆ ಎಂಬ ತೊಡಕು ಬೇರೆ ಇದೆ. ಫುಕುಶಿಮಾದಲ್ಲಿ ಸುಮಾರು ಮೂರು ಲಕ್ಷ ಮಕ್ಕಳಿಗೆ ಅಲ್ಟ್ರಾಸೌಂಡ್ ಮಾಡಿದಾಗ ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಸಿಕ್ಕವು. ಇವು ವಿಕಿರಣದಿಂದ ಬಂದವಲ್ಲ, ಹುಡುಕಿದ್ದರಿಂದ ಸಿಕ್ಕವು ಎಂಬುದು ಬಹುಪಾಲು ತಜ್ಞರ ಅಭಿಪ್ರಾಯ. ಅಣು ಅಪಘಾತವೇ ನಡೆಯದ ದಕ್ಷಿಣ ಕೊರಿಯಾದಲ್ಲಿ ಅಲ್ಟ್ರಾಸೌಂಡ್ ಜನಪ್ರಿಯವಾದ ಮೇಲೆ, 1993ರಿಂದ 2011ರ ನಡುವೆ, ಈ ಕ್ಯಾನ್ಸರ್ ಪ್ರಮಾಣ ಹದಿನೈದು ಪಟ್ಟು ಏರಿತ್ತು. ಆದರೆ ಅಪಘಾತಕ್ಕೆ ಮುಂಚೆ ಫುಕುಶಿಮಾದ ಮಕ್ಕಳನ್ನು ಯಾರೂ ಹೀಗೆ ಪರೀಕ್ಷಿಸಿರಲಿಲ್ಲವಾದ್ದರಿಂದ, ಆ ನೂರು ಮಕ್ಕಳ ತಾಯಂದಿರಿಗೆ ಖಚಿತವಾದ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ. ವಿಕಿರಣ ಕೊಲ್ಲದವರನ್ನು ಗಾಬರಿ ಕೊಂದ ಸಂಗತಿಯೂ ಅಲ್ಲಿ ನಡೆದಿದೆ. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಅವಸರದಲ್ಲಿ ಸಾಗಿಸಿದವರು, ತಾತ್ಕಾಲಿಕ ಶಿಬಿರಗಳಲ್ಲಿ ವರ್ಷಗಟ್ಟಲೆ ನರಳಿದವರು, ಮನನೊಂದು ಪ್ರಾಣ ಕಳೆದುಕೊಂಡವರು ಸೇರಿ ವಿಪತ್ತಿನ ಪರೋಕ್ಷ ಸಾವುಗಳೆಂದು ಫುಕುಶಿಮಾ ಪ್ರಾಂತವೊಂದರಲ್ಲೇ ಮಾನ್ಯ ಮಾಡಿದ ಸಂಖ್ಯೆ 2,300ನ್ನು ಮೀರಿದೆ.

ನಮ್ಮಲ್ಲಿ ‘ಅಪಘಾತಕ್ಕೆ ಮುಂಚೆ’ ಎಂಬುದರ ದಾಖಲೆ ಎಷ್ಟರಮಟ್ಟಿಗಿದೆ? ಸೇವೆಯಲ್ಲಿದ್ದಾಗ ಹಳ್ಳಿಗಳ ಮರಣ ನೋಂದಣಿ ಪುಸ್ತಕಗಳನ್ನು ತಿರುವಿ ಹಾಕುವ ಪ್ರಸಂಗ ನನಗೆ ಅನೇಕ ಸಲ ಬಂದಿದೆ. ಕಾರಣದ ಅಂಕಣದಲ್ಲಿ ಪುಟಗಟ್ಟಲೆ ‘ವಯೋಸಹಜ’, ‘ಜ್ವರ’, ‘ಹೃದಯಾಘಾತ’ ಎಂಬ ಮೂರೇ ಮಾತು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ! 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿಯನ್ನು ಅಚ್ಚುಕಟ್ಟಾಗಿ ನಡೆಸುತ್ತ ಬಂದಿದೆ. ರಾಂಪುರದವನೊಬ್ಬ ಕ್ಯಾನ್ಸರ್ ಬಂದು ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಚಿಕಿತ್ಸೆ ಪಡೆದು, ಊರಿಗೆ ಮರಳಿ ಸತ್ತರೆ, ಅವನು ನಮ್ಮ ಪುಸ್ತಕದಲ್ಲಿ ‘ವಯೋಸಹಜ’ದವನಾಗುತ್ತಾನೆ. ಕೈಗಾ ಸುತ್ತಲಿನ ಜನ ಕ್ಯಾನ್ಸರ್ ಹೆಚ್ಚಾಗಿದೆ ಎಂದು ವರ್ಷಗಳಿಂದ ದೂರುತ್ತ ಬಂದಿದ್ದಾರೆ, ಅಧಿಕಾರಿಗಳು ಇಲ್ಲವೆನ್ನುತ್ತ ಬಂದಿದ್ದಾರೆ. ಈ ಜಗಳ ತೀರದಿರುವುದಕ್ಕೆ ಮೂಲ ಇಲ್ಲಿದೆ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದಾಗ ಸುತ್ತಲಿನ ಪ್ರತಿ ಹಳ್ಳಿಯ ಆರೋಗ್ಯದ ಪುಸ್ತಕವೊಂದನ್ನು ತೆರೆದು, ವರ್ಷವರ್ಷವೂ ಪ್ರಕಟಿಸುತ್ತ ಬಂದಿದ್ದರೆ ಇಂದು ಎರಡೂ ಕಡೆಯವರ ಮುಂದೆ ಒಂದೇ ಅಂಕಿ ಇರುತ್ತಿತ್ತು.

ಇಂಥ ಪುಸ್ತಕವಿಲ್ಲದಿದ್ದರೆ ಬಡವನ ಗತಿ ಏನಾಗುತ್ತದೆ ಎಂಬುದನ್ನು ಭೋಪಾಲ್ ತೋರಿಸಿದೆ. 1984ರ ಡಿಸೆಂಬರಿನ ಆ ರಾತ್ರಿ ಯಾರು ಎಷ್ಟು ವಿಷಾನಿಲ ಸೇವಿಸಿದರು ಎಂಬುದಕ್ಕೆ ಅಳತೆ ಇರಲಿಲ್ಲ. ನಗರದ 56 ವಾರ್ಡುಗಳಲ್ಲಿ 36ನ್ನು ಅನಿಲಪೀಡಿತವೆಂದು ಘೋಷಿಸಿದರು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾದಾಗ ಸತ್ತವರು ಮೂರು ಸಾವಿರ, ಗಾಯಗೊಂಡವರು ಲಕ್ಷದ ಆಸುಪಾಸು ಎಂಬ ಎಣಿಕೆಯಿತ್ತು. ಕೊನೆಗೆ ಪರಿಹಾರ ಪಡೆದವರ ಸಂಖ್ಯೆ ಐದೂವರೆ ಲಕ್ಷವನ್ನು ದಾಟಿತು. ಬಹುತೇಕರಿಗೆ ಸಿಕ್ಕಿದ್ದು ಮೊದಲ ಕಂತಿನಲ್ಲಿ 25 ಸಾವಿರ ರೂಪಾಯಿ. ಶ್ವಾಸಕೋಶ ಸುಟ್ಟುಕೊಂಡವನಿಗೂ, ಕಣ್ಣುರಿಯಲ್ಲಿ ಪಾರಾದವನಿಗೂ ಹೆಚ್ಚುಕಡಿಮೆ ಒಂದೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಡೆಸುತ್ತಿದ್ದ ಅಧ್ಯಯನಗಳನ್ನು 1994ರಲ್ಲಿ ನಿಲ್ಲಿಸಲಾಯಿತು. ಅಂದು ಹುಟ್ಟಿದ ಮಗುವಿಗೆ ಆಗ ಹತ್ತು ವರ್ಷ.

ಉಳ್ಳಾರ್ತಿ ಕಾವಲಿಗೆ ಬರುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ, ಇಸ್ರೊಗಳ ಜೊತೆಗೆ ಬಾಬಾ ಅಣು ಸಂಶೋಧನಾ ಕೇಂದ್ರಕ್ಕೂ 1,810 ಎಕರೆ ಕೊಡಲಾಯಿತು. ಯುರೇನಿಯಂ ಅನ್ನು ಸಮೃದ್ಧಗೊಳಿಸುವ ಘಟಕಕ್ಕಾಗಿ ಈ ಭೂಮಿ. ಕುರಿ, ದನ ಮೇಯಿಸುವ ಹಕ್ಕು ಕಳೆದುಕೊಂಡ ಜನರ ಹೋರಾಟ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಭೂವಿವಾದ ಬೇರೆಯೇ ಒಂದು ಲೇಖನದ ವಸ್ತು. ನಮ್ಮಲ್ಲಿ ಕೆಲವರು ಇದನ್ನು ಇನ್ನೊಂದು ಚೆರ್ನೊಬಿಲ್ ಎಂದು ಕರೆಯುತ್ತಾರೆ. ಅದು ಸರಿಯಲ್ಲ. ಇದು ರಿಯಾಕ್ಟರ್ ಅಲ್ಲ. ಇಲ್ಲಿ ಅಯೋಡಿನ್-131 ಆಗಲಿ, ಸೀಸಿಯಂ ಆಗಲಿ ರಾಶಿ ಬೀಳುವುದಿಲ್ಲ. ಇಂಥ ಘಟಕಗಳಲ್ಲಿ ಬಳಸುವುದು ಯುರೇನಿಯಂ ಹೆಕ್ಸಾಫ್ಲೋರೈಡ್. ಅದು ಸೋರಿದರೆ ಗಾಳಿಯ ತೇವದೊಡನೆ ಸೇರಿ ಹೈಡ್ರೋಜನ್ ಫ್ಲೋರೈಡ್ ಎಂಬ ಸುಡುವ ಆವಿಯಾಗುತ್ತದೆ. 1986ರ ಜನವರಿಯಲ್ಲಿ ಅಮೆರಿಕದ ಓಕ್ಲಹಾಮಾ ರಾಜ್ಯದ ಗೋರ್ ಎಂಬಲ್ಲಿ ಅದರ ಸಿಲಿಂಡರ್ ಒಡೆದು ಒಬ್ಬ ಕೆಲಸಗಾರ ಸತ್ತ. ಕೊಂದದ್ದು ವಿಕಿರಣವಲ್ಲ, ಆ ಆವಿ. ಅಪರೂಪಕ್ಕೆ ಇನ್ನೊಂದು ಬಗೆಯ ಅವಘಡವೂ ಸಾಧ್ಯ: ಸಮೃದ್ಧ ಯುರೇನಿಯಂ ಅನ್ನು ಮಿತಿಮೀರಿ ಒಂದೆಡೆ ಸುರಿದರೆ ಅಣುಸರಪಳಿ ತಾನಾಗಿ ಹೊತ್ತಿಕೊಳ್ಳುತ್ತದೆ. 1999ರ ಸೆಪ್ಟೆಂಬರ್ 30ರಂದು ಜಪಾನಿನ ತೊಕಾಯಿಮುರಾದ ಇಂಧನ ತಯಾರಿಕಾ ಘಟಕದಲ್ಲಿ ಹೀಗಾಗಿ ಇಬ್ಬರು ಕೆಲಸಗಾರರು ಸತ್ತರು.

ನಮ್ಮ ಸೀಮೆಯಲ್ಲಿ ಲೆಕ್ಕದ ಸಮಸ್ಯೆ ಬೇರೆಡೆಗಿಂತ ಹೆಚ್ಚು ಜಟಿಲವಾಗಿರುವುದಕ್ಕೆ ಕಾರಣ ನಮ್ಮ ಬಂಡೆಗಳೇ. ಮೊಳಕಾಲ್ಮುರು, ಚಳ್ಳಕೆರೆ, ಪಾವಗಡಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ ಎಂಬುದಕ್ಕೆ ನಮ್ಮ ಹಳ್ಳಿಗಳ ಮಕ್ಕಳ ಹಲ್ಲುಗಳೇ ಸಾಕ್ಷಿ. ಇತ್ತೀಚಿನ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಸಂಶೋಧಕರು ಪೂರ್ವ ಕರ್ನಾಟಕದ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಯುರೇನಿಯಂ, ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟವನ್ನು ಮೀರಿರುವುದನ್ನು ಕಂಡಿದ್ದಾರೆ. ಗ್ರಾನೈಟ್ ಬಂಡೆಯಿಂದ, ಆಳಕ್ಕೆ ಕೊರೆದಷ್ಟೂ ಬರುವ ಯುರೇನಿಯಂ ಅದು. ಯಾವ ಘಟಕಕ್ಕೂ ಸಂಬಂಧಿಸಿದ್ದಲ್ಲ. ಘಟಕದಿಂದ ಸೋರಬಹುದಾದ ವಸ್ತುಗಳು ಯಾವುವು? ಯುರೇನಿಯಂ ಮತ್ತು ಫ್ಲೋರೈಡ್. ನಮ್ಮ ಬಾವಿಗಳಲ್ಲಿ ಈಗಾಗಲೇ ಇರುವುದು ಯಾವುವು? ಯುರೇನಿಯಂ ಮತ್ತು ಫ್ಲೋರೈಡ್. ಹದಿನೈದು ವರ್ಷದ ಮೇಲೆ ದೊಡ್ಡಉಳ್ಳಾರ್ತಿಯ ಒಂದು ಬಾವಿಯಲ್ಲಿ 80 ಮೈಕ್ರೋಗ್ರಾಂ ಕಂಡಿತೆಂದುಕೊಳ್ಳಿ. ಊರಿನವರು ಘಟಕವನ್ನು ದೂರುತ್ತಾರೆ, ಘಟಕದವರು ಬಂಡೆಯನ್ನು ತೋರಿಸುತ್ತಾರೆ. ಅದೇ ಬಾವಿಯ ಹಳೆಯ ಅಂಕಿ ಇಲ್ಲದಿದ್ದರೆ ಯಾವ ನ್ಯಾಯಾಲಯವೂ ತೀರ್ಪು ಕೊಡಲಾರದು. ಅಂಕಿ ಇದ್ದರೂ ಅದು ಇಲಾಖೆಯ ಕಪಾಟಿನಲ್ಲೇ ಇದ್ದರೆ ಊರಿನವರು ನಂಬಲಾರರು.

ಹಾಗಾಗಿ ಸುತ್ತಲಿನ ಹಳ್ಳಿಗಳ ಪ್ರತಿಯೊಂದು ಕುಡಿಯುವ ನೀರಿನ ಬಾವಿಯ ಯುರೇನಿಯಂ, ಫ್ಲೋರೈಡ್ ಪ್ರಮಾಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಅಳೆಯಬೇಕು. ಬಾವಿಯ ಆಳವನ್ನೂ ಬರೆದಿಡಬೇಕು, ಏಕೆಂದರೆ ನಮ್ಮಲ್ಲಿ ಬಾವಿ ಬತ್ತಿದರೆ ಪಕ್ಕದಲ್ಲೇ ಇನ್ನಷ್ಟು ಆಳಕ್ಕೆ ಕೊರೆಯುತ್ತಾರೆ, ಆಗ ಅಂಕಿಯೂ ಬದಲಾಗುತ್ತದೆ. ಅಳೆಯುವವರು ಅಣು ಇಲಾಖೆಯವರಲ್ಲದೆ ಬೇರೆ ಯಾರಾದರೂ ಇರಬೇಕು. ವಿಜ್ಞಾನ ಸಂಸ್ಥೆಯ ಆವರಣ ಅದೇ ತಾಲ್ಲೂಕಿನ ಕುದಾಪುರದಲ್ಲಿದೆ, ದೂರ ಹುಡುಕಬೇಕಾಗಿಲ್ಲ. ಸಾವಿನ ಕಾರಣವನ್ನು ಆಶಾ ಕಾರ್ಯಕರ್ತೆಯರಿಂದ ಮನೆಯವರನ್ನು ಕೇಳಿಸಿ, ವೈದ್ಯರಿಂದ ವರ್ಗೀಕರಿಸುವ ಪದ್ಧತಿ ದೇಶದಲ್ಲಿ ಬಳಕೆಯಲ್ಲಿದೆ; ಚಳ್ಳಕೆರೆ, ಮೊಳಕಾಲ್ಮುರು ಎರಡು ತಾಲ್ಲೂಕುಗಳಿಗೆ ಅದನ್ನು ವಿಸ್ತರಿಸಲು ದೊಡ್ಡ ಹಣವೇನೂ ಬೇಕಿಲ್ಲ. ಗುತ್ತಿಗೆ ಕೆಲಸಗಾರರ ವಿಕಿರಣ ದಾಖಲೆಯ ಪ್ರತಿಯೊಂದು ಅವರ ಕೈಯಲ್ಲೂ ಇರಬೇಕು. ಚೆರ್ನೊಬಿಲ್ ಶುದ್ಧಿಗೆ ಸೋವಿಯತ್ ಸರ್ಕಾರ ಕರೆತಂದ ಸುಮಾರು ಆರು ಲಕ್ಷ ಮಂದಿಯಲ್ಲಿ ಎಷ್ಟೋ ಜನರ ದಾಖಲೆ ಅಪೂರ್ಣವಾಗಿ ಉಳಿಯಿತು. ಗುತ್ತಿಗೆದಾರ ಬದಲಾದರೆ ನಮ್ಮವರದೂ ಹಾಗೆಯೇ ಆದೀತು. ಆಮೇಲೆ ಇವೆಲ್ಲವನ್ನೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚಬೇಕು.

ದೇಶದ ಭದ್ರತೆಯ ಕಾರಣಕ್ಕೆ ಕೆಲವು ವಿಷಯಗಳನ್ನು ಬಹಿರಂಗಪಡಿಸಲಾಗದು ಎಂಬ ವಾದ ಬರುತ್ತದೆ. ಘಟಕದ ಒಳಗೆ ಎಷ್ಟು ಯಂತ್ರಗಳಿವೆ ಎಂಬುದು ಗುಟ್ಟಾಗಿರಲಿ, ಒಪ್ಪುತ್ತೇನೆ. ಬೇಲಿಯ ಹೊರಗಿನ ನಮ್ಮ ಬಾವಿಯ ನೀರು ಹೇಗೆ ಗುಟ್ಟಾದೀತು?

ಇದರಲ್ಲಿ ಕಾಲದ ಪ್ರಶ್ನೆಯೂ ಇದೆ. 2010ರ ಅಣು ಹಾನಿ ಹೊಣೆಗಾರಿಕೆ ಕಾಯಿದೆಯಲ್ಲಿ ದೈಹಿಕ ಹಾನಿಗೆ ಪರಿಹಾರ ಕೇಳಲು 20 ವರ್ಷಗಳ ಅವಧಿ ಇತ್ತು. ಮೂಲ ಮಸೂದೆಯಲ್ಲಿ ಹತ್ತೇ ವರ್ಷವಿತ್ತು. ಸಂಸತ್ತಿನಲ್ಲಿ ಅದನ್ನು ಹೆಚ್ಚಿಸಿದರು. ಹಿರೋಶಿಮಾದಲ್ಲಿ ಬಾಲ್ಯದಲ್ಲಿ ವಿಕಿರಣಕ್ಕೆ ಒಳಗಾದವರಿಗೆ ಐವತ್ತು ವರ್ಷಗಳ ಮೇಲೂ ಕ್ಯಾನ್ಸರ್ ಹೆಚ್ಚಾಗಿ ಬಂದಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ ಎಂದು ಹೆಸರಿಟ್ಟಿರುವ ಕಾಯಿದೆ 2010ರದರ ಸ್ಥಾನಕ್ಕೆ ಬಂದಿದೆ. ಅಣುವಿದ್ಯುತ್ತಿನ ಬಾಗಿಲನ್ನು ಖಾಸಗಿ ಕಂಪನಿಗಳಿಗೂ ತೆರೆದಿದೆ. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ ಅನುಮತಿ ಸಿಕ್ಕಿದೆ. ಕಂಪನಿಗಳ ಹೊಣೆ ಎಷ್ಟು ಕೋಟಿ ಎಂಬ ಬಗ್ಗೆ ದೆಹಲಿಯಲ್ಲಿ ಬಹಳ ಚರ್ಚೆಯಾಯಿತು. ಪರಿಹಾರ ಕೇಳಲು ಬರುವವನು ತನಗೆ ತಗುಲಿದ್ದು ಎಷ್ಟೆಂದು ಯಾವ ಪುಸ್ತಕ ತೋರಿಸಿ ಸಾಬೀತುಪಡಿಸಬೇಕು ಎಂಬುದನ್ನು ಕೈಗಾದ ಹೊಸ ಘಟಕಗಳು ಓಡತೊಡಗುವ ಮೊದಲೇ ತೀರ್ಮಾನಿಸಬೇಕು. ಆ ಪುಸ್ತಕವನ್ನು ಉತ್ತರ ಕನ್ನಡ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ತೆರೆಯಲು ರಾಜ್ಯ ಸರ್ಕಾರಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಜನನ ಮರಣಗಳ ನೋಂದಣಿ, ಕುಡಿಯುವ ನೀರು, ಹಾಲಿನ ಡೇರಿಗಳನ್ನು ನಡೆಸುತ್ತಿರುವುದು ಇಂದಿಗೂ ಇಲ್ಲಿನವರೇ.